ಕಡಲಂಚಿಗೆ ನೆಟ್ಟ ಕೋಲು

ಕೆಂಡದ ಮೇಲೆ ಉಬ್ಬಿದ ರೊಟ್ಟಿಯನ್ನು ಶಾಲಿನಿ ಬೆರಳ ತುದಿಯಲ್ಲೇ ಹೊರಳಿಸಿ, ಬಟ್ಟೆ ಹಾಸಿದ ಬುಟ್ಟಿಗೆ ಹಾಕಿದಳು. ಇನ್ನೂ ಅರ್ಧ ಹಿಟ್ಟು ಬಾಕಿಯಿತ್ತು. ಪಕ್ಕದ ಒಲೆಯ ಮೇಲೆ ಕೋಳಿ ನೀರು ಬಿಟ್ಟುಕೊಂಡು ಕುದಿಯುತ್ತಿತ್ತು. ಆ ನೀರು ಆರಿ ಮಸಾಲೆ ತುಂಡುಗಳಿಗೆ ಅಂಟಿಕೊಳ್ಳುವವರೆಗೆ ಸೌಟು ಕೆಳಗಿಡುವಂತಿರಲಿಲ್ಲ. ಒಂದು ಕೈ ಹಿಟ್ಟಿಗೆ, ಒಂದು ಕೈ ಸೌಟಿಗೆ ಎಂದು ಅವಳು ಎರಡು ಒಲೆಗಳ ನಡುವೆ ನಿಂತಿದ್ದಾಗ ಗಂಡ ದಿಲೀಪ ಬಾಗಿಲಲ್ಲಿ ಇಣುಕಿದ.

“ಆಯ್ತಾ? ಬಿಸಿಲು ಏರೋದ್ರೊಳಗೆ ಚಾರ್ಮಾಡಿ ಘಾಟಿ ಇಳಿದುಬಿಡ್ಬೇಕು.”

“ಸಮುದ್ರಕ್ಕೆ ಹೋಗೋರು ಯಾರಾದ್ರೂ ಮನೆಯಿಂದ ಕೋಳಿ ಕಟ್ಕೊಂಡು ಹೋಗ್ತಾರೇನ್ರಿ? ಅಲ್ಲಿ ಮೀನು ಸಿಗಲ್ವಾ?”

“ಹೋಟ್ಲು ಮೀನಿಗೆ ಏನು ಹಾಕಿರ್ತಾರೋ ಮಾರಾಯ್ತಿ. ಲಿಖಿತ್‌ಗೆ ನಿನ್ನ ಕೈ ರೊಟ್ಟಿ ಅಂದ್ರೆ ಇಷ್ಟ. ನಿನ್ನೆ ಊಟಕ್ಕೆ ಕೂತಾಗ ಎಷ್ಟು ಹೊಗಳಿದ್ರು, ನೋಡಿದ್ಯಲ್ಲ.”

ನೋಡಿದ್ದಳು. ಅಳಿಯ ರೊಟ್ಟಿಯನ್ನು ಹೊಗಳಿದ್ದ, ತಟ್ಟೆಯನ್ನು ತಾನೇ ಎತ್ತಲು ಹೋಗಿ ಬೇಡವೆನ್ನಿಸಿಕೊಂಡಿದ್ದ, ಎಲ್ಲರ ಎದುರಿಗೆ ಕವನಾಳನ್ನು “ಹೇಗಿದ್ದೀಯ, ಸ್ವಲ್ಪ ಇಳಿದುಹೋಗಿದ್ದೀಯಲ್ಲ” ಎಂದು ಕೇಳಿದ್ದ. ದಿಲೀಪ ಆ ಮಾತು ಕೇಳಿ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ್ದ. ನೋಡು, ಏನು ಕಡಿಮೆಯಾಗಿದೆ ಎಂಬಂತೆ.

ಅವರ ಒಬ್ಬಳೇ ಮಗಳು ಕವನಾ ಜನವರಿಯಲ್ಲಿ ನೆಂಟರ ಮದುವೆಗೆಂದು ತವರಿಗೆ ಬಂದವಳು ವಾಪಸು ಹೋಗಿರಲಿಲ್ಲ. ಅವಳ ಮದುವೆಯಾಗಿ ವರ್ಷ ದಾಟಿತ್ತಷ್ಟೆ. ಲಿಖಿತನ ಮನೆ ಸಂಸೆಯ ಹತ್ತಿರ. ಕಾಫಿ, ಅಡಿಕೆ, ಒಂದಿಷ್ಟು ಗದ್ದೆ, ಒಳ್ಳೆಯ ಜನ. ಬಂದ ಹೊಸದರಲ್ಲಿ ಮಗಳು ಏನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಅಮ್ಮನ ಜೊತೆ ಬಟ್ಟೆ ಒಣಹಾಕುತ್ತ, ಸೀರೆಯ ಆ ತುದಿಯಲ್ಲಿ ಮುಖ ಕಾಣದ ಹಾಗೆ ನಿಂತು ಹೇಳಿದ್ದಳು.

“ಅವ್ರು ಬೈಯಲ್ಲಮ್ಮ. ಕೈ ಎತ್ತಲ್ಲ. ಮಾತು ನಿಲ್ಲಿಸಿಬಿಡ್ತಾರೆ, ಅಷ್ಟೆ. ನಾನೇನು ತಪ್ಪು ಮಾಡಿದೆ ಅಂತನೂ ಹೇಳಲ್ಲ. ಒಂದೊಂದ್ಸಲ ವಾರಗಟ್ಟಲೆ. ನಾನು ಕೂತಿರೋ ಕುರ್ಚಿ ಖಾಲಿ ಇದೆ ಅನ್ನೋ ಹಾಗೆ ನೋಡ್ತಾರೆ. ತೋಟದ ಲೆಕ್ಕ ಬರೆಯೋ ರೈಟರ್ ಗುರುವಯ್ಯನ್ನ ಕರೆದು, ನನ್ನ ಮುಂದೇನೇ, ‘ಅಮ್ಮಾವ್ರಿಗೆ ಹೇಳಿ, ನಾಳೆ ಊಟಕ್ಕೆ ಜನ ಬರ್ತಾರೆ’ ಅಂತಾರೆ. ಆಮೇಲೆ ಒಂದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾತು ಶುರು ಮಾಡ್ತಾರೆ. ನಂಗೆ ಹುಚ್ಚು ಹಿಡಿಯುತ್ತಮ್ಮ. ಅಲ್ಲಿಗೆ ಕಳಿಸ್ಬೇಡ ನನ್ನ.”

ಶಾಲಿನಿ ಆಗ ಸೀರೆಯ ನೆರಿಗೆಯನ್ನು ಬಿಡಿಸುತ್ತಲೇ ಇದ್ದಳು. ಕುಡಿಯುತ್ತಾನಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕು. ಹೊಡೆಯುತ್ತಾನಾ ಎಂದರೆ ಇಲ್ಲ. ಬೇರೆ ಹೆಂಗಸು? ಇಲ್ಲ. ಹಾಗಾದರೆ ಏನು ಎಂದು ಕೇಳುತ್ತಾರೆ. ಆ ‘ಏನು’ ಎಂಬುದಕ್ಕೆ ಕೊಡಲು ಅವಳ ಹತ್ತಿರ ಒಂದು ಹೆಸರೂ ಇರಲಿಲ್ಲ. ತನಗೇ ಅದು ನಿಜವಾಗಿ ಅರ್ಥವಾಗಿದೆಯೇ ಎಂಬ ಅನುಮಾನವೂ ಇತ್ತು. ಮಗಳ ದುಃಖ ಕಾಣುತ್ತಿತ್ತು. ಗಾಯ ಕಾಣುತ್ತಿರಲಿಲ್ಲ.

ಆದರೂ ದಿಲೀಪನಿಗೆ ಹೇಳಿದ್ದಳು. ಅವನು ನಕ್ಕುಬಿಟ್ಟಿದ್ದ. “ನಮ್ಮಪ್ಪ ನಮ್ಮಮ್ಮನ ಹತ್ರ ಜೀವಮಾನದಲ್ಲಿ ಎಷ್ಟು ಮಾತಾಡಿರ್ಬೋದು ಅಂದ್ಕೊಂಡಿದ್ದೀಯ? ಸಂಸಾರ ಅಂದ್ಮೇಲೆ ಮುನಿಸು ಇರುತ್ತೆ. ಇಬ್ರನ್ನೂ ಒಂದೆರಡು ದಿನ ಹೊರಗೆ ಕರ್ಕೊಂಡು ಹೋಗೋಣ, ಎಲ್ಲ ತಣ್ಣಗಾಗುತ್ತೆ.” ಕಾಫಿ ಕೊಯ್ಲು ಮುಗಿದಿತ್ತು, ಗಿಡ ಹೂಬಿಡಿಸುವ ಹೂಮಳೆಗೆ ಇನ್ನೂ ಹೊತ್ತಿತ್ತು, ಮೆಣಸಿನ ಕೆಲಸವನ್ನು ಮೇಸ್ತ್ರಿ ಕೆಂಪಯ್ಯ ನೋಡಿಕೊಳ್ಳುತ್ತಾನೆ. ತೋಟದವರಿಗೆ ಮನೆ ಬಿಡಲು ಸಿಗುವ ಸಂದು ಅದೊಂದೇ. ಅಳಿಯನಿಗೆ ಫೋನು ಹೋಯಿತು. ಎರಡು ಗಾಡಿಯಲ್ಲಿ ಹೋಗುವುದು, ಒಂದು ದಿನ ಕಡಲತೀರದಲ್ಲಿ ಇರುವುದು, ಮಾರನೆಯ ದಿನ ಬಜಗೋಳಿಯವರೆಗೆ ಒಟ್ಟಿಗೆ ಬರುವುದು. ಅಲ್ಲಿ ದಾರಿ ಬೇರೆಯಾಗುತ್ತದೆ. ಕವನಾ ಲಿಖಿತನ ಕಾರು ಹತ್ತಿ ಕುದುರೆಮುಖದ ಕಾಡುದಾರಿಯಲ್ಲಿ ಸಂಸೆಗೆ ಹೋಗುವುದು, ಇವರಿಬ್ಬರು ಬೆಳ್ತಂಗಡಿಯ ಮೇಲೆ ಮನೆಗೆ ಬರುವುದು. ಎಲ್ಲವನ್ನೂ ದಿಲೀಪ ಊಟದ ಮೇಜಿನಲ್ಲಿ ಹೇಳಿ ಮುಗಿಸಿದಾಗ ಕವನಾ ಅಪ್ಪನನ್ನು ನೋಡಿರಲಿಲ್ಲ; ಅಮ್ಮನನ್ನು ನೋಡಿದ್ದಳು. ಶಾಲಿನಿ ಸಾರಿನ ಪಾತ್ರೆಯ ಮುಚ್ಚಳ ಹುಡುಕುತ್ತಿದ್ದಳು.

ಈಗ ಕವನಾ ಸ್ನಾನ ಮಾಡಿ ಅಡುಗೆಮನೆಗೆ ಬಂದು ಬುಟ್ಟಿಯಿಂದ ಒಂದು ರೊಟ್ಟಿ ಎಳೆದುಕೊಂಡಳು.

“ಅಪ್ಪ ಗಮ್‌ಬೂಟ್ ಹುಡುಕ್ತಾ ಇದ್ದಾರಮ್ಮ.”

“ಸಮುದ್ರಕ್ಕಾ?”

“ಜಿಗಣೆ ಕಚ್ಚಿದ್ರೆ?” ಎಂದು ಕವನಾ ನಕ್ಕಳು. ಆ ನಗು ಎಷ್ಟು ದಿನಗಳ ಮೇಲೆ ಕೇಳಿತೆಂದರೆ ಶಾಲಿನಿಗೆ ಸೌಟು ಅಲ್ಲೇ ಬಿಟ್ಟು ಅವಳನ್ನು ಅಪ್ಪಿಕೊಳ್ಳೋಣವೆನ್ನಿಸಿತು. ಕೋಳಿ ತಳ ಹಿಡಿಯುತ್ತಿತ್ತು.

*

ಹೊನ್ನಾವರ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ಗೇರುತೋಟಗಳ ನಡುವೆ ಒಂದಿಷ್ಟು ದೂರ ಹೋದರೆ ಸಂರಕ್ಷಿತ ಕಾಡು ಶುರುವಾಗುತ್ತದೆ. ಗಾಡಿಗಳು ಗೇಟಿನವರೆಗೆ ಮಾತ್ರ. ಸುತ್ತಲಿನವರು ಚಿಪ್ಪಿ ಬೀಚ್ ಎಂದು ಕರೆಯುವ ಕಡಲತೀರಕ್ಕೆ ಅಲ್ಲಿಂದ ಕಾಲುದಾರಿಯಲ್ಲಿ ಇಳಿಯಬೇಕು. ಗೇಟಿನಲ್ಲಿ ಕಾವಲಿನವನು ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆಸಿ ಇಟ್ಟುಕೊಳ್ಳುವಾಗ ಶಾಲಿನಿ ಅಲ್ಲಿದ್ದ ಬೋರ್ಡನ್ನು ಓದಿದಳು. ಕಸ ಹಾಕಬೇಡಿ, ಚಿಪ್ಪು ಆರಿಸಬೇಡಿ, ಆಮೆ ಮೊಟ್ಟೆಯಿಡುವ ಜಾಗಕ್ಕೆ ಹೋಗಬೇಡಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಭರತದಲ್ಲಿ ಕಡಲು ಏರುವ ಹೊತ್ತಿನಲ್ಲಿ ಬಂಡೆ ದಾಟಿ ಆಚೆ ಹೋಗಬಾರದು. ಅವಳ ಪಕ್ಕದಲ್ಲೇ ಲಿಖಿತ ನಿಂತು ಅದನ್ನು ಓದಿ, “ಅತ್ತೆ, ಆ ಬುಟ್ಟಿ ಇಲ್ಲಿ ಕೊಡಿ” ಎಂದು ಕೈ ಚಾಚಿದ. ದಾರಿಯುದ್ದಕ್ಕೂ ಬೇರುಗಳಿದ್ದಲ್ಲಿ ನಿಂತು, “ನಿಧಾನ ಅತ್ತೆ, ಇಲ್ಲಿ ಜಾರುತ್ತೆ” ಎಂದ. ಇಂಥವನ ಮೇಲೆ ಏನೆಂದು ದೂರು ಹೇಳುವುದು?

ಮರಗಳು ಮುಗಿದಲ್ಲಿ ಕಡಲು ಒಮ್ಮೆಗೇ ಎದುರಾಯಿತು. ಎರಡು ಕಡೆಯಿಂದ ಗುಡ್ಡ ಕೈ ಬಾಗಿಸಿ ಹಿಡಿದಂತೆ ಇಳಿದು, ನಡುವೆ ಕುಡುಗೋಲಿನ ಹಾಗೆ ಬಾಗಿದ ಮರಳು. ನೀರು ದಡದ ಹತ್ತಿರ ತೆಳ್ಳಗೆ ಹಸಿರು, ಆಚೆ ಹೋದಂತೆ ನೀಲಿ. ಬಲಗಡೆಯ ಗುಡ್ಡದ ಬುಡದಿಂದ ಒಂದು ಕಪ್ಪು ಬಂಡೆ ಕಡಲೊಳಗೆ ಮೂಗು ಚಾಚಿತ್ತು. ಅದರಾಚೆ ಇನ್ನೊಂದು ಪುಟ್ಟ ತೀರ ಇದೆಯೆಂದು ಫೋಟೋಗಳಲ್ಲಿ ನೋಡಿದ್ದರು. ನಿಜವಾಗಿ ಚಂದ ಅದೇ ಎಂದು ಎಲ್ಲರೂ ಬರೆದಿದ್ದರು. ಕವನಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಹೋಗಿ ಕಣಕಾಲು ಮುಳುಗುವ ನೀರಿನಲ್ಲಿ ನಿಂತಳು. ಹಿಂದಿನಿಂದ ನೋಡಿದರೆ ಅವಳಿನ್ನೂ ಹೈಸ್ಕೂಲಿಗೆ ಹೋಗುವ ಹುಡುಗಿ.

“ಆಚೆಗೇ ಹೋಗೋಣ. ಅಲ್ಲಿ ನೆರಳಿದೆಯಂತೆ, ಜನ ಇಲ್ಲ,” ಎಂದ ದಿಲೀಪ.

“ಬೋರ್ಡಲ್ಲಿ ಭರತದ ಹೊತ್ತಲ್ಲಿ ಹೋಗ್ಬಾರ್ದು ಅಂತ ಬರೆದಿತ್ತು,” ಎಂದಳು ಶಾಲಿನಿ.

“ಭರತ ಬರೋದು ಹುಣ್ಣಿಮೆ ಅಮಾಸೆಗೆ. ಇವತ್ತು ಹುಣ್ಣಿಮೆನಾ? ಇರು, ನೋಡೇಬಿಡೋಣ.”

ಅವನು ಕಾಡಿನಂಚಿಗೆ ಹೋಗಿ ಒಂದು ಒಣ ಕೋಲು ಮುರಿದು ತಂದು, ಅಲೆ ಬಂದು ನಿಲ್ಲುವ ಗೆರೆಯಲ್ಲಿ ಅದನ್ನು ನೆಟ್ಟ.

ಅವರ ತೋಟಕ್ಕೂ ಟಾರುರಸ್ತೆಗೂ ನಡುವೆ ಒಂದು ಹಳ್ಳವಿದೆ. ಮಳೆಗಾಲದಲ್ಲಿ ನೀರು ಕಿರುಸೇತುವೆಯ ಮೇಲೆ ಹರಿಯುವಾಗ ದಿಲೀಪ ಜೀಪು ನಿಲ್ಲಿಸಿ, ನೀರಿನಂಚಿಗೆ ಹೀಗೆಯೇ ಒಂದು ಕೋಲು ನೆಡುತ್ತಾನೆ. ಸಿಗರೇಟು ಮುಗಿಯುವಷ್ಟರಲ್ಲಿ ನೀರು ಕೋಲನ್ನು ಬಿಟ್ಟು ಸರಿದಿದ್ದರೆ ಹಳ್ಳ ಇಳಿಯುತ್ತಿದೆ ಎಂದು ಲೆಕ್ಕ. ಮೇಲೆ ಗುಡ್ಡದಲ್ಲಿ ಮತ್ತೆ ಮಳೆ ಹೊಯ್ಯುವವರೆಗೆ ಅದು ಏರುವುದಿಲ್ಲ. ಅವನ ಅಪ್ಪ ಹಾಗೆ ಮಾಡುತ್ತಿದ್ದರು. ಆ ಕಡೆಯವರೆಲ್ಲ ಹಾಗೆಯೇ ಮಾಡುತ್ತಾರೆ. ಅಷ್ಟು ವರ್ಷಗಳಲ್ಲಿ ಆ ಕೋಲು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಸಿಗರೇಟು ಮುಗಿಯಿತು. ನೀರು ಕೋಲಿನಿಂದ ಒಂದು ಮಾರು ಕೆಳಗೆ ಸರಿದಿತ್ತು.

“ನೋಡಿದ್ರಾ, ಇಳೀತಾ ಇದೆ,” ಎಂದು ದಿಲೀಪ ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತಲಿನ ಆಕಾಶ ನೋಡಿದ. “ಎಲ್ಲೂ ಒಂದು ಮೋಡ ಇಲ್ಲ. ಇನ್ನು ಸಂಜೆವರೆಗೂ ಚಿಂತೆಯಿಲ್ಲ. ಬನ್ನಿ ಲಿಖಿತ್.”

“ಏನೂ ಆಗಲ್ಲ ಮಾವ. ನಾನಿದ್ದೀನಲ್ಲ,” ಎಂದ ಲಿಖಿತ.

ಬಂಡೆಯ ಮೂಗನ್ನು ಬಳಸಿ ದಾಟುವಾಗ ಬುಡದಲ್ಲಿ ಒದ್ದೆ ಮರಳು, ಸಣ್ಣ ಕಲ್ಲುಗಳು, ಕಾಲು ಮುಳುಗದಷ್ಟು ನೀರು. ಶಾಲಿನಿ ಬಂಡೆಗೆ ಕೈಯೂರಿ ನಡೆದಳು. ಅದರ ಮೈಗೆ ಉಗುರಿನಷ್ಟು ಚಿಕ್ಕ, ಚೂಪಾದ ಚಿಪ್ಪುಗಳು ಅಂಟಿಕೊಂಡಿದ್ದವು. ಅವು ಅವಳ ಎದೆಯ ಎತ್ತರದವರೆಗೂ ಇದ್ದವು, ಅದರ ಮೇಲೆ ಒಂದೂ ಇರಲಿಲ್ಲ. ಹಳ್ಳದ ಸೇತುವೆಯ ಕಂಬದ ಮೇಲೆ ನೆರೆ ಬಿಟ್ಟುಹೋಗುವ ಕಲೆಯೂ ಹೀಗೆಯೇ ಒಂದೇ ಗೆರೆಯಲ್ಲಿ ನಿಂತಿರುತ್ತದೆ. “ಇಲ್ಲಿವರೆಗೂ ನೀರು ಬರುತ್ತೆ ಅನ್ಸುತ್ತೆ ಕಣ್ರಿ,” ಎಂದಳು. ದಿಲೀಪ ಮುಂದೆ ಹೋಗಿಯಾಗಿತ್ತು. ಕೇಳಿಸಿತೋ ಇಲ್ಲವೋ. ಅವಳು ಮತ್ತೆ ಹೇಳಲಿಲ್ಲ.

*

ಪುಟ್ಟ ತೀರದಲ್ಲಿ ಯಾರೂ ಇರಲಿಲ್ಲ. ಹಿಂದೆ ನೆಟ್ಟಗೆ ನಿಂತ ಕೆಂಪು ಕಲ್ಲಿನ ಗೋಡೆ, ಅದರ ತುದಿಯಿಂದ ಇಳಿಬಿದ್ದ ಬಳ್ಳಿಗಳು, ಮುಂದೆ ಕಡಲು. ಗೋಡೆಯ ನೆರಳಿನಲ್ಲಿ ಬೆಡ್‌ಶೀಟು ಹಾಸಿ ರೊಟ್ಟಿ, ಕೋಳಿ ಬಿಚ್ಚಿದರು. ದಿಲೀಪನೂ ಲಿಖಿತನೂ ಸ್ಪ್ರಿಂಕ್ಲರ್ ಪೈಪುಗಳ ಬಗ್ಗೆ, ಈ ವರ್ಷದ ಮೆಣಸಿನ ಬಗ್ಗೆ ಮಾತಾಡಿದರು. ಊಟವಾದ ಮೇಲೆ ದಿಲೀಪ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದ. ಲಿಖಿತ ಫೋನು ಹಿಡಿದು ಸಿಗ್ನಲ್ ಹುಡುಕುತ್ತ ಆ ತುದಿಗೆ ಹೋದ.

ತಾಯಿ ಮಗಳು ನೀರಿನಂಚಿನಲ್ಲಿ ಕುಳಿತರು. ಬಹಳ ಹೊತ್ತು ಅಲೆಗಳನ್ನೇ ನೋಡಿದರು. ಅಲೆ ಬಂದು ಕಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುವಾಗ ಕುಳಿತಲ್ಲೇ ಯಾರೋ ತಮ್ಮನ್ನು ಸರಿಸಿದ ಹಾಗಾಗುತ್ತಿತ್ತು.

“ಅಪ್ಪಂಗೆ ಸರಿಯಾಗಿ ಹೇಳಿದ್ಯಾ?” ಎಂದು ಕವನಾ ಕೇಳಿದಳು.

“ಹೇಳಿದೆ.”

“ಏನಂದ್ರು?”

“ಸರಿಹೋಗುತ್ತೆ ಅಂದ್ರು.”

“ನೀನೇನಂದೆ?”

ಶಾಲಿನಿ ಮರಳಿನಲ್ಲಿ ಬೆರಳಾಡಿಸಿದಳು. ತಾನು ಏನೂ ಅನ್ನಲಿಲ್ಲ ಎಂಬುದು ಮಗಳಿಗೆ ಗೊತ್ತಿತ್ತು. ಈ ಇಪ್ಪತ್ತಾರು ವರ್ಷಗಳಲ್ಲಿ ದಿಲೀಪ ಬೇಡ ಎಂದ ಯಾವುದನ್ನು ತಾನು ಬೇಕು ಎಂದು ಹಿಡಿದು ನಿಂತಿದ್ದೇನೆಂದು ನೆನಪು ಮಾಡಿಕೊಳ್ಳಲು ನೋಡಿದಳು. ದಿಲೀಪ ಕೆಟ್ಟವನಲ್ಲ. ಹಾಗಾಗಿ ನಿಲ್ಲಬೇಕಾದ ಪ್ರಸಂಗ ಬರಲಿಲ್ಲ ಎಂದುಕೊಂಡೇ ಬಂದಿದ್ದಳು.

“ಒಬ್ಬಳೇ ಅಡುಗೆಮನೇಲಿ ನಿಂತು ಜೋರಾಗಿ ಮಾತಾಡ್ತೀನಮ್ಮ ನಾನು,” ಎಂದಳು ಕವನಾ, ಕಡಲನ್ನು ನೋಡುತ್ತ. “ನನ್ನ ದನಿ ಇದೆಯೋ ಇಲ್ವೋ ಅಂತ ನೋಡ್ಕೊಳಕ್ಕೆ. ನಾಳೆ ಬಜಗೋಳಿಯಲ್ಲಿ ನನ್ನ ಬ್ಯಾಗ್ ಎತ್ತಿ ಆ ಕಾರಿಗೆ ಹಾಕ್ತೀರ. ನಾನು ಹೋಗ್ತೀನಿ. ನೀನು ಕಿಟಕಿ ಹತ್ರ ಬಂದು, ಹುಷಾರು ಮಗಾ ಅಂತೀಯ. ಅಲ್ವಾ?”

“ಕವನಾ...”

ಅಲೆಯೊಂದು ಸೊಂಟದವರೆಗೂ ಬಂದು ಇಬ್ಬರನ್ನೂ ತೋಯಿಸಿತು. ಆಗ ಶಾಲಿನಿ ತಿರುಗಿ ನೋಡಿದಳು. ಅವರು ಕುಳಿತಾಗ ಕಡಲು ಎಲ್ಲಿತ್ತೋ ಈಗ ಅಲ್ಲಿರಲಿಲ್ಲ. ಬಂಡೆಯ ಬುಡದಲ್ಲಿ ತಾವು ನಡೆದುಬಂದ ಒದ್ದೆ ಮರಳು ಕಾಣೆಯಾಗಿತ್ತು. ಅವಳು ಎದ್ದು ಗಂಡನ ಹತ್ತಿರ ಓಡಿದಳು.

“ಏಳ್ರಿ! ನೀರು ಏರ್ತಾ ಇದೆ.”

ದಿಲೀಪ ಟೋಪಿ ಸರಿಸಿ, ಮೊದಲು ನೋಡಿದ್ದು ಆಕಾಶವನ್ನು. “ಮೋಡನೇ ಇಲ್ವಲ್ಲೇ, ಹೇಗೆ ಏರುತ್ತೆ? ಅಲೆ ಅದು, ಹೋಗುತ್ತೆ ಬರುತ್ತೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಇಳಿಯುತ್ತೆ.”

ಲಿಖಿತ ಅಷ್ಟರಲ್ಲಿ ಬಂದಿದ್ದ. “ಹೌದು ಅತ್ತೆ, ಗಾಬರಿ ಆಗ್ಬೇಡಿ. ಕಾಯೋಣ.”

“ಅಮ್ಮ ಹೇಳ್ತಿರೋದು ಸರಿ ಅಪ್ಪ,” ಎಂದಳು ಕವನಾ. “ಬೋರ್ಡ್ ಎಲ್ರೂ ಓದಿದ್ವಿ. ಲಿಖಿತ್, ನೀವೂ ಓದಿದ್ರಿ. ಅದೇನು ಕಡಲಲ್ಲಿ ಹುಟ್ಟಿ ಬೆಳೆದೋರ ಹಾಗೆ ಹೇಳ್ತೀರ? ಸಂಸೆಯಲ್ಲಿ ಎಲ್ಲಿತ್ತು ಸಮುದ್ರ?”

ದಿಲೀಪ ಗೊಳ್ಳೆಂದು ನಕ್ಕ. “ಬಿಡಬೇಡ ಮಗಾ, ಹಾಕು!” ಎಂದ. ಶಾಲಿನಿಗೂ ನಗು ಬಂತು. ಲಿಖಿತನೂ ನಕ್ಕ. ನಗು ತುಟಿಯ ಮೇಲೆ ಇರುವಾಗಲೇ ಅವನ ಕಣ್ಣು ಕವನಾಳ ಮೇಲಿಂದ ಸರಿದು, ಅವಳ ಹಿಂದಿನ ಕಲ್ಲಿನ ಗೋಡೆಗೆ ಹೋಯಿತು. ಸಿಟ್ಟಿನಿಂದ ಮುಖ ತಿರುಗಿಸಿದ್ದಲ್ಲ ಅದು. ದೀಪ ಆರಿಸಿ ಕೋಣೆಯಿಂದ ಹೊರಬಂದ ಹಾಗೆ. “ಅತ್ತೆ, ಬುಟ್ಟಿ ಕಟ್ಟಿಡಿ,” ಎಂದ. “ಮಾವ, ನಾನು ಬಂಡೆ ಹತ್ರ ನೋಡ್ಕೊಂಡು ಬರ್ತೀನಿ.” ಕವನಾ “ನಾನೂ ಬರ್ತೀನಿ” ಎಂದಳು. ಅವನು ನಡೆದುಹೋದ. ಅವಳು ಅಲ್ಲೇ ನಿಂತಳು. ಅವಳ ಮುಖದಲ್ಲಿ ಇದ್ದದ್ದು ಆಶ್ಚರ್ಯವಲ್ಲ, ಪರಿಚಯ. ಶುರುವಾಯಿತು ಎಂದು ಅವಳಿಗೆ ತಿಳಿದಿತ್ತು.

ಅವರು ಕಾದರು. ದಿಲೀಪ ಈ ಕಡೆಯೂ ಒಂದು ಕೋಲು ನೆಟ್ಟ. ಕೋಲು ಮುಳುಗಿತು. ಇನ್ನೊಂದನ್ನು ಮೇಲೆ ನೆಟ್ಟ. ಅಲೆ ಅದನ್ನು ಕಿತ್ತು, ಒಂದು ಸಲ ದಡಕ್ಕೆ ತಂದು ತೋರಿಸಿ, ತೆಗೆದುಕೊಂಡು ಹೋಯಿತು. ಮೂರನೆಯ ಕೋಲನ್ನು ಅವನು ಹುಡುಕಲಿಲ್ಲ. ಕೆಂಪು ಗೋಡೆ ಹತ್ತಲು ಬರುವಂಥದ್ದಲ್ಲ. ಫೋನುಗಳಲ್ಲಿ ಸಿಗ್ನಲ್ ಇರಲಿಲ್ಲ. ದಿಲೀಪ ಎರಡು ಸಲ ಕೂಗಿದ. ಕೂಗು ಕಡಲಿನ ಕಡೆಗೇ ಹೋಯಿತು. ಹಾಸಿದ್ದ ಬೆಡ್‌ಶೀಟಿನ ಅಂಚು ಒದ್ದೆಯಾಗತೊಡಗಿದಾಗ ಲಿಖಿತ ಹೇಳಿದ: “ಈಗಲೇ ದಾಟ್ಬೇಕು ಮಾವ. ಇನ್ನು ಕಾದ್ರೆ ಆಗಲ್ಲ. ನಾನು ಮುಂದೆ ಹೋಗಿ ದಾರಿ ನೋಡ್ತೀನಿ, ನೀವು ಒಬ್ಬೊಬ್ಬರೇ ಬನ್ನಿ.”

ಅವನು ಧೈರ್ಯದವನೇ. ಬಂಡೆಯನ್ನು ತಬ್ಬಿಕೊಂಡು, ಕಾಲಿನಿಂದ ತಡವುತ್ತ, ಒಂದು ಕಡೆ ನಿಂತು ಎರಡು ಮೂರು ಸಲ ಪಾದ ಊರಿ ನೋಡಿ, ಸೊಂಟ ಮುಳುಗುವ ನೀರಿನಲ್ಲಿ ಮೂಗನ್ನು ಬಳಸಿ ಆಚೆಯ ಎತ್ತರದ ಕಲ್ಲು ಹತ್ತಿದ. ಅಲ್ಲಿಂದ ತಿರುಗಿ ನಿಂತ. ಈಚೆಯವರಿಗೆ ಅವನು ಪೂರ್ತಿ ಕಾಣುತ್ತಿದ್ದ. ನಡುವೆ ಇದ್ದದ್ದು ನಾಲ್ಕಾರು ಮಾರು ನೀರು.

“ಕವನಾ, ಹೋಗು ಮಗಾ. ಅವ್ರಿದ್ದಾರೆ ಅಲ್ಲಿ,” ಎಂದ ದಿಲೀಪ.

ಕವನಾ ಬಂಡೆಗೆ ಅಂಟಿಕೊಂಡು ಹೋದಳು. ಅರ್ಧ ದಾರಿಯಲ್ಲಿ ನೀರು ಎದೆಗೆ ಬಂತು. ಅಲೆ ಬಂದಾಗ ಅವಳು ಕಣ್ಣುಮುಚ್ಚಿ ಚಿಪ್ಪುಗಳನ್ನೇ ಹಿಡಿದು ನಿಂತಳು. ಬಂಡೆ ಹೊರಕ್ಕೆ ಚಾಚಿದ ಜಾಗದಲ್ಲಿ ಅವಳ ಕಾಲು ತಳ ಹುಡುಕಿ ಹುಡುಕಿ ಸೋತಿತು.

“ಲಿಖಿತ್, ಕಾಲು ಎಲ್ಲಿಡ್ಲಿ?”

ಲಿಖಿತ ಕಡಲನ್ನು ನೋಡುತ್ತಿದ್ದ.

“ಲಿಖಿತ್! ಇಲ್ಲಿ ಆಳ ಇದೆ. ನೀವೆಲ್ಲಿ ಕಾಲಿಟ್ರಿ? ಹೇಳಿ!”

ಅವನ ಮುಖ ಅವಳ ಕಡೆಗೇ ಇತ್ತು. ಶಾಲಿನಿ ಈಚೆಯಿಂದ ಅದನ್ನು ಸ್ಪಷ್ಟವಾಗಿ ನೋಡಿದಳು. ಸಿಟ್ಟಿಲ್ಲ, ಸೇಡಿಲ್ಲ, ಭಯವೂ ಇಲ್ಲ. ಅಲ್ಲಿ ಯಾರೂ ಇಲ್ಲವೆಂಬಂತೆ, ಖಾಲಿ ನೀರನ್ನು ನೋಡುವ ಹಾಗೆ ನೋಡುತ್ತಿದ್ದ. ಶಾಲಿನಿ ಕೂಗಬೇಕೆಂದು ಬಾಯಿ ತೆರೆದಳು. ಏನೆಂದು ಕೂಗುವುದು? ಕಾಲು ಎಲ್ಲಿಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಈಜು ಬರುತ್ತಿರಲಿಲ್ಲ. ಮುಂದಕ್ಕೆ ಎರಡು ಹೆಜ್ಜೆ ಹಾಕಿದಳು. ದಿಲೀಪ ತೋಳು ಹಿಡಿದು ನಿಲ್ಲಿಸಿದ. “ನೀನೂ ಹೋಗಿ ಬಿದ್ರೆ?” ಮಗಳ ಬೆನ್ನು, ಒದ್ದೆ ಜಡೆ, ಬಂಡೆ ಹಿಡಿದ ಎರಡು ಕೈ. ಅದನ್ನು ನೋಡುತ್ತ ನಿಲ್ಲುವುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ಮುಂದಿನ ಅಲೆಗೆ ಕವನಾಳ ಹಿಡಿತ ತಪ್ಪಿತು. ಅವಳು ಮುಳುಗಿದಳು. ಎದ್ದಾಗ ಬಂಡೆಯಿಂದ ದೂರ ಇದ್ದಳು, ಮತ್ತೆ ಮುಳುಗಿದಳು. ಶಾಲಿನಿಗೆ ತನ್ನದೇ ಕಿರುಚು ಬೇರೆ ಯಾರದೋ ಎಂಬಂತೆ ಕೇಳಿತು. ಮೂರನೆಯ ಅಲೆ ಕವನಾಳನ್ನು ತಂದು ಬಂಡೆಗೆ ಬಡಿಯಿತು. ಸಿಕ್ಕಿದ್ದನ್ನು ಅವಳು ತಬ್ಬಿಕೊಂಡಳು, ಮೊಣಕಾಲು ಊರಿದಳು, ತೆವಳಿಕೊಂಡು, ಕೆಮ್ಮುತ್ತ, ಲಿಖಿತ ನಿಂತ ಕಲ್ಲನ್ನು ಅವನ ಕಾಲ ಪಕ್ಕದಲ್ಲಿ ತಾನೇ ಹತ್ತಿದಳು. ಅವನು ಅವಳಿಗೆ ಜಾಗವಾಗಲೆಂಬಂತೆ ಒಂದು ಹೆಜ್ಜೆ ಸರಿದು ನಿಂತ.

“ಅಬ್ಬ, ಸೇರಿದ್ಲು,” ಎಂದ ದಿಲೀಪ. ಹಿಡಿದಿದ್ದ ತೋಳನ್ನು ಬಿಟ್ಟ. “ಶಾಲಿ, ಈಗ ನೀನು. ನಾನು ಹಿಂದೆನೇ ಇರ್ತೀನಿ.”

ಶಾಲಿನಿ ನೀರಿಗೆ ಇಳಿದಳು. ಸೀರೆ ಕಾಲಿಗೆ ಸುತ್ತಿಕೊಂಡಿತು. ಬಂಡೆ ಹೊರಚಾಚಿದ ಆ ಜಾಗಕ್ಕೆ ಬಂದಾಗ ಮೇಲಿನಿಂದ ಲಿಖಿತನ ದನಿ ಅಲೆಗಳ ಸದ್ದನ್ನು ಮೀರಿ, ಸ್ಪಷ್ಟವಾಗಿ, ಮೃದುವಾಗಿ ಬಂತು.

“ಅತ್ತೆ, ಬಲಗಡೆ ಕಾಲಿಡಿ. ನೀರೊಳಗೆ ಚಪ್ಪಟೆ ಕಲ್ಲಿದೆ. ಇನ್ನೂ ಸ್ವಲ್ಪ ಬಲಕ್ಕೆ... ಹಾಂ, ಅಲ್ಲೇ. ಈಗ ಕೈ ಕೊಡಿ.”

ಕಲ್ಲು ಅಲ್ಲಿಯೇ ಇತ್ತು. ಅಗಲವಾಗಿ, ಗಟ್ಟಿಯಾಗಿ, ಎರಡು ಪಾದ ಊರುವಷ್ಟು. ಶಾಲಿನಿ ಅದರ ಮೇಲೆ ನಿಂತಳು. ಒಂದು ಅಲೆ ಅವಳ ಮೇಲೆ ಹಾದುಹೋಯಿತು, ಅವಳು ಅಲುಗಲಿಲ್ಲ. ಮಗಳು ಹಿತ್ತಿಲಲ್ಲಿ ಸೀರೆಯ ಮರೆಯಿಂದ ಹೇಳಿದ್ದು ಏನೆಂದು ಅವಳ ಪಾದಕ್ಕೆ ತಿಳಿಯಿತು. ಲಿಖಿತ ಚಾಚಿದ ಕೈಯನ್ನು ಹಿಡಿಯದೆ ಬೇರೆ ದಾರಿಯಿರಲಿಲ್ಲ. ಹಿಡಿದಳು. ಅವನು ಜೋಪಾನವಾಗಿ ಎತ್ತಿಕೊಂಡ.

*

ಗೇಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ ಇನ್ನೂ ಬಿಸಿಲಿತ್ತು. ಕವನಾಳ ಎರಡು ಅಂಗೈಯೂ ಚಿಪ್ಪುಗಳಿಂದ ಸೀಳಿಹೋಗಿದ್ದವು. ಅಂಗಡಿಯ ಹೆಂಗಸು ಅರಿಶಿನ ಕೊಟ್ಟಿದ್ದಳು. ಬಟ್ಟೆ ಸುತ್ತಿದ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಶಾಲಿನಿ ಹಿಡಿದು ಕುಡಿಸಿದಳು. ಮೈಯೆಲ್ಲ ಉಪ್ಪು ಕಟ್ಟಿ ತುರಿಸುತ್ತಿತ್ತು.

ದಿಲೀಪನ ಮುಖಕ್ಕೆ ಕಳೆ ಮರಳಿತ್ತು. “ಮುಂದೆ ಮೊಮ್ಮಕ್ಕಳಿಗೆ ಹೇಳಕ್ಕೆ ಒಂದು ಕತೆ ಆಯ್ತು ಮಾರಾಯ್ರೆ! ನಮ್ಮ ಹಳ್ಳದ ಲೆಕ್ಕ ಇಲ್ಲಿ ನಡೆಯಲ್ಲ ಅಂತ ಯಾರಿಗೆ ಗೊತ್ತಿತ್ತು? ಲಿಖಿತ್ ಇಲ್ದಿದ್ರೆ ಇವತ್ತು ನಮ್ಮ ಕತೆ ಮುಗೀತಿತ್ತು.”

“ಅಯ್ಯೋ, ನಾನೇನು ಮಾಡ್ದೆ ಮಾವ,” ಎಂದ ಲಿಖಿತ. ಆಮೇಲೆ ಬಿಸ್ಕತ್ತಿನ ಪೊಟ್ಟಣವನ್ನು ಶಾಲಿನಿಯ ಕಡೆ ಚಾಚಿ, “ತಗೊಳ್ಳಿ ಅತ್ತೆ. ಬೇಕಿದ್ರೆ ಅವಳಿಗೂ ಕೊಡಿ,” ಎಂದ. ಕವನಾ ಅವನ ಎದುರಿನ ಬೆಂಚಿನಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕುಳಿತಿದ್ದಳು.

ಕೈ ತೊಳೆಯುವ ನೆವದಲ್ಲಿ ಶಾಲಿನಿ ಗಂಡನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದಳು.

“ಅವಳು ಕಾಲು ಎಲ್ಲಿಡ್ಲಿ ಅಂತ ಅಷ್ಟು ಕೂಗಿದ್ಲು. ಅವ್ರು ಹೇಳ್ಲಿಲ್ಲ ಕಣ್ರಿ. ಗೊತ್ತಿದ್ದೂ ಹೇಳ್ಲಿಲ್ಲ.”

“ಆ ಅಲೆ ಸದ್ದಲ್ಲಿ ಯಾರಿಗೆ ಏನು ಕೇಳುತ್ತೆ ಶಾಲಿ?”

“ನಂಗೆ ಹೇಳಿದ್ದು ಕೇಳ್ತಲ್ಲ. ನಿಮ್ಗೂ ಹೇಳಿದ್ರು. ಬಲಗಡೆ ಕಲ್ಲಿದೆ ಅಂತ.”

ದಿಲೀಪ ತಂಬಿಗೆಯನ್ನು ಹಿಡಿದುಕೊಂಡೇ ಒಂದು ಕ್ಷಣ ನಿಂತ. ಏನೋ ಅವನ ಕಣ್ಣಿನ ಹಿಂದೆ ಹಾದುಹೋಯಿತು. ಅದು ನಿಲ್ಲುತ್ತದೆಂದು ಶಾಲಿನಿ ಕಾದಳು. ನಿಲ್ಲಲಿಲ್ಲ.

“ಅವಳು ಬಿದ್ದಿದ್ದು ನೋಡಿದ್ಮೇಲೆ ಹುಷಾರಾಗಿ ಹೇಳಿರ್ತಾರೆ. ಎಲ್ಲ ಗಾಬರಿಲಿದ್ವಿ. ಇದನ್ನೊಂದು ಹಿಡ್ಕೊಂಡು ಕೂರ್ಬೇಡ. ಮಗಳ ತಲೇಲೂ ತುಂಬ್ಬೇಡ. ಜೀವ ಉಳೀತಲ್ಲ, ಅಷ್ಟು ಸಾಕು.” ಅವಳ ಭುಜ ತಟ್ಟಿ ಬೆಂಚಿಗೆ ಹೋದ. ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ಮೊರೆ. ಆ ಮೊರೆಯ ಎದುರು ಇಷ್ಟು ವರ್ಷ ಅವಳಿಗೆ ಏನೂ ಮಾಡಲಾಗಿರಲಿಲ್ಲ.

ಅವಳು ಅಲ್ಲೇ ನಿಂತು ಬೆಂಚಿನ ಮೇಲಿದ್ದ ಮೂವರನ್ನು ನೋಡಿದಳು. ಲಿಖಿತ ದಿಲೀಪನಿಗೆ ಫೋನಿನಲ್ಲಿ ಏನೋ ತೋರಿಸುತ್ತಿದ್ದ. ಕವನಾ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತುಟಿಯನ್ನು ಸಣ್ಣಗೆ ಅಲುಗಿಸುತ್ತಿದ್ದಳು. ಹಾಡು ಗುನುಗುತ್ತಿದ್ದಾಳೆಂದು ಬೇರೆಯವರಿಗೆ ಅನ್ನಿಸಬಹುದು. ತನ್ನ ದನಿ ಇದೆಯೋ ಇಲ್ಲವೋ ಎಂದು ಅವಳು ನೋಡಿಕೊಳ್ಳುತ್ತಿದ್ದಳು.

“ನಾಳೆ ತಿಂಡಿ ಮುಗಿಸಿ ಹೊರಡೋಣ್ವಾ ಮಾವ? ಕುದುರೆಮುಖದ ಫಾರೆಸ್ಟ್ ಗೇಟು ಬೇಗ ದಾಟಿದ್ರೆ ಒಳ್ಳೇದು,” ಎನ್ನುತ್ತಿದ್ದ ಲಿಖಿತ.

“ಹಾಗೇ ಮಾಡೋಣ. ಬಜಗೋಳಿಯಲ್ಲಿ ಒಂದು ಕಾಫಿ ಕುಡಿದು, ನೀವಿಬ್ರು ಆ ಕಡೆ, ನಾವಿಬ್ರು ಈ ಕಡೆ. ಏನ್ ಶಾಲಿ?”

ಬಜಗೋಳಿಯ ಆ ಕೂಡುರಸ್ತೆಯಿಂದ ಬೆಳ್ತಂಗಡಿಗೆ ಬಸ್ಸುಗಳಿವೆ. ಅಲ್ಲಿಂದ ಉಜಿರೆ, ಉಜಿರೆಯಿಂದ ಚಾರ್ಮಾಡಿ ಹತ್ತುವ ಬಸ್ಸು. ತವರಿಗೆ ಬಾಣಂತನಕ್ಕೆ ಹೋಗಿ ಬಂದಾಗ ಕೈಕೂಸಾಗಿದ್ದ ಕವನಾಳನ್ನು ಎತ್ತಿಕೊಂಡು ಅವಳು ಆ ಬಸ್ಸಿನಲ್ಲಿ ಬಂದಿದ್ದಳು. ನಾಳೆ ಈ ಗಂಡಸರಿಬ್ಬರೂ ಕಾಫಿ ಕುಡಿಯುತ್ತಿರುವಾಗ ತಾನು ಮಗಳ ತೋಳು ಹಿಡಿದು ರಸ್ತೆ ದಾಟುತ್ತೇನೆ. ಬ್ಯಾಗು ಯಾವ ಕಾರಿನಲ್ಲಿದ್ದರೂ ಇರಲಿ. ಬಸ್ಸು ಹತ್ತಿ ಕುಳಿತ ಮೇಲೆ ದಿಲೀಪ ಬಂದು ಕಿಟಕಿಯ ಹತ್ತಿರ ಏನು ಕೇಳಿದರೂ ಇಳಿಯುವುದಿಲ್ಲ. ಆಮೇಲೆ ಮನೆಯಲ್ಲಿ ಏನಾಗುತ್ತದೆ, ಸಂಸೆಯವರು ಏನನ್ನುತ್ತಾರೆ, ಊರಿಗೆ ಯಾವ ಹೆಸರು ಹೇಳುವುದು, ಯಾವುದೂ ಅವಳಿಗೆ ಗೊತ್ತಿರಲಿಲ್ಲ.

“ಏನೇ, ಕೇಳಿಸ್ತಾ?” ಎಂದ ದಿಲೀಪ.

“ಹೂಂ,” ಎಂದಳು ಶಾಲಿನಿ. ಬಂದು ಮಗಳ ಪಕ್ಕದಲ್ಲಿ ಕುಳಿತು, ತಣ್ಣಗಾಗುತ್ತಿದ್ದ ಚಹಾದ ಲೋಟವನ್ನು ಎತ್ತಿ ಅವಳ ತುಟಿಗೆ ಹಿಡಿದಳು.